ಟ್ರೇಲ್ ಪರ್ಮಿಟ್ ಕಡ್ಡಾಯ: ಸ್ನೋಮೊಬೈಲ್ ದಾರಿಯ ಖರ್ಚು ಯಾರು ಹೊರಬೇಕು?

ಸಿಮ್ಕೊ ಸವಾರ

ಕೆನಡಾದ ಒಂಟಾರಿಯೊದಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡಿಸುವ ಗಾಡಿ, ಇಟ್ಟುಕೊಂಡಿರುವ ಎಲ್ಲರಿಗೂ ನಮಸ್ಕಾರ. ನವೆಂಬರ್ 1ರ ಒಳಗೆ ತೆಗೆದುಕೊಂಡರೆ ಅಗ್ಗ, ತಡ ಮಾಡಿದಷ್ಟೂ ದುಬಾರಿ ಅನ್ನುವ ಟ್ರೇಲ್ ಪರ್ಮಿಟ್ ಕಾಲ, ಅಂದರೆ ಗುರುತು ಹಾಕಿದ ಹಿಮದ ದಾರಿಯಲ್ಲಿ ಓಡಿಸಲು ಪರವಾನಗಿ ಕೊಳ್ಳುವ ಕಾಲ, ಮತ್ತೆ ಬಂದಿದೆ. ಪೂರ್ತಿ ಸೀಸನ್ನಿಗೆ ಗಾಡಿಯೊಂದಕ್ಕೆ ಹೆಚ್ಚುಕಡಿಮೆ 200ರಿಂದ 300 ಡಾಲರ್. ಪರ್ಮಿಟ್ ಗಾಡಿಗೇ ಹೊರತು ಸವಾರನಿಗಲ್ಲ, ಹಾಗಾಗಿ ಮನೆಯಲ್ಲಿ ಮೂರು ಗಾಡಿ ಇದ್ದರೆ ಮೂರು ಸಲ ಕಟ್ಟಬೇಕು.

ನನ್ನ ಪ್ರಶ್ನೆ ಇಷ್ಟು. ನೋಂದಣಿ ಶುಲ್ಕ ಕಟ್ಟಿದ್ದೇವೆ, ವಿಮೆ ಬೇರೆ, ಪೆಟ್ರೋಲಿನಲ್ಲಿ ತೆರಿಗೆ ಇದ್ದೇ ಇದೆ. ದಾರಿ ಹೋಗುವುದು ಬಹುಪಾಲು ರೈತರ ಜಮೀನಿನಲ್ಲಿ, ಕೆಲಸ ಮಾಡುವವರು ಸ್ವಯಂಸೇವಕರು. ಹಾಗಿದ್ದ ಮೇಲೆ ಈ ದುಡ್ಡು ಎಲ್ಲಿಗೆ ಹೋಗುತ್ತದೆ? ದಕ್ಷಿಣ ಒಂಟಾರಿಯೊದಲ್ಲಿ ಒಳ್ಳೆಯ ಹಿಮ ಸಿಗುವುದೇ ಕೆಲವು ವಾರ. ಸರ್ಕಾರವೋ ಪ್ರವಾಸೋದ್ಯಮದವರೋ ಇದನ್ನು ಹೊರಬಾರದೇಕೆ? ಲೆಕ್ಕ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಗ್ರೂಮರ್ ಗಂಟೆ

ಸಿಮ್ಕೊ ಅವರೇ, ದುಡ್ಡಿನ ದೊಡ್ಡ ಪಾಲು ಹೋಗುವುದು ಗ್ರೂಮಿಂಗ್‌ಗೆ, ಅಂದರೆ ದಾರಿಯ ಹಿಮವನ್ನು ಯಂತ್ರದಿಂದ ಸಮಮಾಡಿ ಗಟ್ಟಿ ಮಾಡುವುದಕ್ಕೆ. ಬಿಡಿ ಬಿಡಿಯಾಗಿ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಪಟ್ಟಿ ಚಕ್ರದ ಟ್ರ್ಯಾಕ್ಟರ್, ಅಂದರೆ ಪ್ರಿನೋತ್, ಪಿಸ್ಟನ್‌ಬುಲ್ಲಿ, ಟಕರ್ ಬ್ರ್ಯಾಂಡಿನ ತರಹದ್ದು, ಅದರ ಹಿಂದೆ ಎಳೆಯುವ ಒಂದು ಡ್ರ್ಯಾಗ್. ಈ ಜೋಡಿಯೇ ಗ್ರೂಮರ್. ಡ್ರ್ಯಾಗ್‌ನಲ್ಲಿ ಓರೆಯಾಗಿ ಜೋಡಿಸಿದ ಹಲವು ಬ್ಲೇಡು, ಕೊನೆಯಲ್ಲಿ ಹಿಮ ಒತ್ತುವ ಅಗಲ ತಟ್ಟೆ. ಕೆಲಸ ನಾಲ್ಕು ಹಂತದ್ದು: ಗಾಡಿಗಳು ಓಡಿ ಎದ್ದ ಉಬ್ಬುಗಳನ್ನು ಬುಡಸಮೇತ ಕತ್ತರಿಸುವುದು, ಕತ್ತರಿಸಿದ ಹಿಮವನ್ನು ಉರುಳಿಸಿ ಪುಡಿ ಮಾಡಿ ಒಳಗಿನ ಗಾಳಿ ಬಿಡಿಸುವುದು, ಒತ್ತುವುದು, ಆಮೇಲೆ ಗಟ್ಟಿಯಾಗಲು ಬಿಡುವುದು. ಮೊದಲನೆಯದರಲ್ಲೇ ಎಡವುವವರು ಹೆಚ್ಚು. ಬ್ಲೇಡು ಉಬ್ಬಿನ ತಲೆ ಮಾತ್ರ ಸವರಿ ತಗ್ಗಿಗೆ ಸಡಿಲ ಹಿಮ ತುಂಬಿದರೆ ಬೆಳಿಗ್ಗೆ ನೋಡಲು ಚಂದ, ಇಪ್ಪತ್ತು ಗಾಡಿ ಹೋಗುವಷ್ಟರಲ್ಲಿ ಹಳೆಯ ಜಾಗದಲ್ಲೇ ಉಬ್ಬು ಮತ್ತೆ ಎದ್ದಿರುತ್ತದೆ. ತಗ್ಗಿನ ತಳದವರೆಗೂ ಕತ್ತರಿಸಲೇಬೇಕು. ಹಾಗೆ ಕತ್ತರಿಸಬೇಕೆಂದರೆ ವೇಗ ಗಂಟೆಗೆ 8ರಿಂದ 12 ಕಿ.ಮೀ. ದಾಟಬಾರದು. ಜೋರಾಗಿ ಎಳೆದರೆ ಡ್ರ್ಯಾಗ್ ಕುಣಿಯುತ್ತದೆ, ಅದೇ ಹೊಸ ಉಬ್ಬು ಹುಟ್ಟಿಸುತ್ತದೆ.

ಈಗ ಲೆಕ್ಕ. ಇವು ದಾರಿ ನೋಡಿಕೊಳ್ಳುವ ಯಾವುದೋ ಒಂದು ಸವಾರರ ಕ್ಲಬ್ಬಿನ ಅಂಕಿಗಳಲ್ಲ. ಅಂದಾಜು ಹಾಕುವ ರೀತಿ ತೋರಿಸಲು ಇಟ್ಟುಕೊಂಡದ್ದು. ಟ್ರ್ಯಾಕ್ಟರ್ ಮತ್ತು ಡ್ರ್ಯಾಗ್ ಸೇರಿ 3,50,000 ಡಾಲರ್, ವರ್ಷಕ್ಕೆ 500 ಗಂಟೆಯಂತೆ ಹತ್ತು ವರ್ಷ ಬಾಳಿಕೆ ಅಂದರೆ ಗಂಟೆಗೆ 70 ಡಾಲರ್ ಸವೆತ. ಡೀಸೆಲ್ ಗಂಟೆಗೆ 25 ಲೀಟರ್, ಲೀಟರಿಗೆ 1.60ರಂತೆ 40 ಡಾಲರ್. ಚಾಲಕನ ಕೂಲಿ 25. ಪಟ್ಟಿ, ಬ್ಲೇಡು, ಹೈಡ್ರಾಲಿಕ್ ಪೈಪು, ಆಯಿಲ್ ಎಲ್ಲ ಸೇರಿ 30. ಒಟ್ಟು ಗಂಟೆಗೆ 165 ಡಾಲರ್. 100 ಕಿ.ಮೀ. ದಾರಿಯನ್ನು ವಾರಕ್ಕೆ ಮೂರು ಸಲದಂತೆ ಎಂಟು ವಾರ ಎಳೆದರೆ 2,400 ಕಿ.ಮೀ., ಗಂಟೆಗೆ 10 ಕಿ.ಮೀ. ಲೆಕ್ಕದಲ್ಲಿ 240 ಗಂಟೆ, 39,600 ಡಾಲರ್. ಪರ್ಮಿಟ್ 200 ಡಾಲರ್ ಅಂತ ಹಿಡಿದು, ಅದರ ಪೂರ್ತಿ ಹಣ ಆ ಕ್ಲಬ್ಬಿಗೇ ಬಂತು ಅಂದುಕೊಂಡರೂ, ಗ್ರೂಮಿಂಗ್ ಒಂದಕ್ಕೇ 198 ಪರ್ಮಿಟ್ ಬೇಕು. ಸೇತುವೆ, ಫಲಕ, ವಿಮೆ ಇದರಲ್ಲಿ ಇನ್ನೂ ಸೇರಿಲ್ಲ.

ತೀರ್ಥಹಳ್ಳಿ ಟು ಟೊರೊಂಟೊ

ಗ್ರೂಮರ್ ಓಡುವುದನ್ನು ನಾನು ರಾತ್ರಿ ಹೊತ್ತೇ ನೋಡಿದ್ದೇನೆ. ರಾತ್ರಿಯೇ ಎಳೆಯುವುದೇಕೆ ಸರ್? ಹಗಲು ಎಳೆದರೆ ಚಾಲಕ ಸಿಗುವುದು ಸುಲಭವಲ್ಲವೇ, ಖರ್ಚೂ ಇಳಿಯಬಹುದು.

ಗ್ರೂಮರ್ ಗಂಟೆ

ಹಗಲು ಎಳೆದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಉರುಳಿಸಿ ಒತ್ತಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳಲು ಚಳಿ ಬೇಕು, ಮೇಲೆ ಗಾಡಿ ಓಡದ ಆರರಿಂದ ಹತ್ತು ಗಂಟೆ ಬಿಡುವು ಬೇಕು. ಸಂಜೆ ಸಂಚಾರ ಇಳಿದ ಮೇಲೆ ಹೊರಟರೆ ಎರಡೂ ಸಿಗುತ್ತವೆ. ಶನಿವಾರ ಮಧ್ಯಾಹ್ನ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಎಳೆದ ದಾರಿ ಸಂಜೆಗೆ ಹಳೆಯ ಸ್ಥಿತಿಗೇ ಬರುತ್ತದೆ. ವಾರಕ್ಕೆ ಎಷ್ಟು ಸಲ ಎಳೆದರು ಅನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ, ಯಾವ ಚಳಿಯಲ್ಲಿ ಎಳೆದರು ಅನ್ನುವುದನ್ನು ಕೇಳಬೇಕು.

ಮ್ಯಾಡಿಸನ್ ಮಲ್ಲಿಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಡೆಯ ವ್ಯವಸ್ಥೆ ಹೇಳುತ್ತೇನೆ. ಸಿಮ್ಕೊ ಅವರು ಕೇಳಿದ ಪೆಟ್ರೋಲ್ ತೆರಿಗೆ ಪ್ರಶ್ನೆಗೆ ಇಲ್ಲಿ ಕಾನೂನಿನಲ್ಲೇ ಸೂತ್ರ ಇದೆ. ನೋಂದಣಿಯಾದ ಗಾಡಿಗಳ ಸಂಖ್ಯೆ, ಗಾಡಿಯೊಂದಕ್ಕೆ 50 ಗ್ಯಾಲನ್, ಗ್ಯಾಲನ್ನಿನ ತೆರಿಗೆ ದರ, ಇವನ್ನು ಗುಣಿಸಿ ಮತ್ತೆ 1.4ರಿಂದ ಗುಣಿಸುತ್ತಾರೆ. ತೆರಿಗೆ 30.9 ಸೆಂಟ್ ಅಂತ ಹಿಡಿದರೆ ಗಾಡಿಯೊಂದಕ್ಕೆ 21 ಡಾಲರ್ 63 ಸೆಂಟ್. ಅಷ್ಟು ಹಣ ಸ್ನೋಮೊಬೈಲ್ ಖಾತೆಗೆ ಬರುತ್ತದೆ. ಅಲ್ಲಿಂದ ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ಕೌಂಟಿಯಿಂದ ಕ್ಲಬ್ಬುಗಳಿಗೆ, ದಾರಿಯ ಮೈಲಿ ಲೆಕ್ಕದಲ್ಲಿ ಹಂಚಿಕೆ. ಮೈಲಿಗೆ 250 ಇದ್ದದ್ದನ್ನು 300 ಡಾಲರ್ ಮಾಡಿದರು. ಅದನ್ನು ಮೀರಿ ಖರ್ಚಾದರೆ ಹೆಚ್ಚುವರಿ ನೆರವು ಕೇಳಬಹುದು. ಆದರೆ ಗ್ರೂಮರ್ ಎಷ್ಟು ಹೊತ್ತು ಎಲ್ಲಿ ಓಡಿತು ಅನ್ನುವುದಕ್ಕೆ ಜಿಪಿಎಸ್ ದಾಖಲೆ ಬೇಕು.

ಇಷ್ಟಿದ್ದೂ ಸಾಲಲಿಲ್ಲ. 2015-16ರ ಸೀಸನ್‌ನಿಂದ ಟ್ರೇಲ್ ಪಾಸ್ ಕೂಡ ಬಂತು. ಕ್ಲಬ್ ಮತ್ತು ರಾಜ್ಯ ಸಂಘದ ಸದಸ್ಯರಿಗೆ 10 ಡಾಲರ್, ಸದಸ್ಯರಲ್ಲದವರಿಗೆ 30, ಹೊರ ರಾಜ್ಯದವರಿಗೆ 50 ಅಂತ ಶುರುವಾಯಿತು.

ಮಿನ್ನೆಸೋಟದಲ್ಲೂ ಇದೇ ದಾರಿ. ರಾಜ್ಯದ ಪೆಟ್ರೋಲ್ ತೆರಿಗೆಯಲ್ಲಿ ಸುಮಾರು ಶೇ. 1ರಷ್ಟು ಸ್ನೋಮೊಬೈಲ್‌ಗಳದ್ದು ಅಂತ ಕಾನೂನೇ ಭಾವಿಸಿಕೊಳ್ಳುತ್ತದೆ. ಆ ಹಣ ಮತ್ತು ನೋಂದಣಿ ಹಣ ಸೇರಿ ಅನುದಾನವಾಗಿ ಕ್ಲಬ್ಬುಗಳಿಗೆ ಹೋಗುತ್ತದೆ.

ಸಿಮ್ಕೊ ಸವಾರ

ಮೇಡಂ, ಇದೇ ಬೇಕಿತ್ತು. ಈ ಸೂತ್ರವನ್ನು ಒಂಟಾರಿಯೊಗೆ ತಂದರೆ ಪರ್ಮಿಟ್ ಅಗತ್ಯವೇ ಇರುವುದಿಲ್ಲ ಅಲ್ಲವೇ?

ಲೆಕ್ಕಪತ್ರ

ಗುಣಿಸಿ ನೋಡಿ ಸರ್. 50 ಗ್ಯಾಲನ್ ಅಂದರೆ 189 ಲೀಟರ್. ಒಂಟಾರಿಯೊದ ಪೆಟ್ರೋಲ್ ತೆರಿಗೆ 2022ರ ಜುಲೈನಲ್ಲಿ ಲೀಟರಿಗೆ 14.7 ಸೆಂಟ್‌ನಿಂದ 9 ಸೆಂಟ್‌ಗೆ ಇಳಿಯಿತು. 189 ಲೀಟರ್ ಮೇಲೆ 9 ಸೆಂಟ್ ಅಂದರೆ 17 ಡಾಲರ್. 1.4ರಿಂದ ಗುಣಿಸಿದರೂ 24 ಡಾಲರ್ ಮುಟ್ಟುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿಸುವವರು ಇದರ ಎರಡು ಮೂರು ಪಟ್ಟು ಪೆಟ್ರೋಲ್ ಸುಡುತ್ತಾರೆ ಅಂದುಕೊಳ್ಳಿ, ಆಗಲೂ ಪರ್ಮಿಟ್ ಬೆಲೆಯ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ.

ಪೆಟ್ರೋಲ್ ತೆರಿಗೆ ವಾಪಸ್ ಕೇಳುವುದು ನ್ಯಾಯವೇ. ಆ ತೆರಿಗೆ ರಸ್ತೆಗಾಗಿ ಅನ್ನುತ್ತಾರೆ, ಈ ಗಾಡಿಗಳು ಹೆದ್ದಾರಿಯ ಟಾರು ಸವೆಸುವುದಿಲ್ಲ. ಆದರೆ ಅದರಿಂದ ಪರ್ಮಿಟ್ ದರ ಒಂದಿಷ್ಟು ಇಳಿಸಬಹುದು, ಪರ್ಮಿಟ್ಟನ್ನೇ ತೆಗೆದುಹಾಕಲು ಆಗುವುದಿಲ್ಲ.

ಧಾರವಾಡದ ಪೇಡೆ

ಎಲ್ಲಾರೂ ಗ್ರೂಮರ್ ಬಗ್ಗೆ ಮಾತಾಡಾಕತ್ತೀರಿ. ಜಮೀನಿನ ಮಾಲೀಕರ ಮಾತು ಯಾರೂ ಎತ್ತವಲ್ಲರಿ. ಅವರಿಗೆ ಒಂದು ಪೈಸಾ ಬಾಡಿಗಿ ಇಲ್ಲ. ನಾವು 250 ಡಾಲರ್ ಕೊಡೂದು ಖರೆ, ಅದು ಆ ರೈತನ ಕೈಗೆ ಹೋಗಬೇಕಲ್ಲರೀ?

ಕಾಯ್ದೆ ಕಟ್ಟಳೆ

ಪೇಡೆ ಅವರೇ, ಇದು ಈ ಚರ್ಚೆಯ ಮುಖ್ಯ ಗಂಟು. ರೈತ ಸವಾರನಿಂದ ನೇರವಾಗಿ ದುಡ್ಡು ತೆಗೆದುಕೊಂಡರೆ ಅವನಿಗೇ ಅಪಾಯ.

ಒಂಟಾರಿಯೊದಲ್ಲಿ ಜಾಗದ ಮಾಲೀಕನ ಹೊಣೆಗಾರಿಕೆಗೆ ಪ್ರತ್ಯೇಕ ಕಾಯ್ದೆ ಇದೆ, ಆಕ್ಯುಪೈಯರ್ಸ್ ಲಯಬಿಲಿಟಿ ಆಕ್ಟ್. ಸಾಮಾನ್ಯವಾಗಿ ಜಾಗಕ್ಕೆ ಬಂದವರ ಸುರಕ್ಷತೆಗೆ ಮಾಲೀಕ ತಕ್ಕಷ್ಟು ಕಾಳಜಿ ವಹಿಸಬೇಕು. ಆದರೆ ಗ್ರಾಮೀಣ ಜಾಗಕ್ಕೆ ಅಥವಾ ಫಲಕ ಹಾಕಿ ಗುರುತಿಸಿದ ಟ್ರೇಲ್‌ಗೆ ಮನರಂಜನೆಗಾಗಿ, ಶುಲ್ಕ ಕೊಡದೆ ಬಂದವರು ಅಪಾಯವನ್ನು ತಾವೇ ಒಪ್ಪಿಕೊಂಡಿದ್ದಾರೆ ಅಂತ 4ನೇ ಸೆಕ್ಷನ್ ಭಾವಿಸುತ್ತದೆ. ಆಗ ಮಾಲೀಕನ ಹೊಣೆ ಬಹಳ ಕಡಿಮೆ: ಬೇಕೆಂದೇ ಅಪಾಯ ಒಡ್ಡಬಾರದು, ಬಂದವರ ಇರವನ್ನು ಲೆಕ್ಕಿಸದೆ ಬೇಕಾಬಿಟ್ಟಿ ನಡೆದುಕೊಳ್ಳಬಾರದು, ಅಷ್ಟೇ. ಶುಲ್ಕ ತೆಗೆದುಕೊಂಡ ಕ್ಷಣ ಈ ರಕ್ಷಣೆ ತಪ್ಪಿ ಪೂರ್ತಿ ಹೊಣೆ ತಲೆಗೆ ಬರುತ್ತದೆ. ಸರ್ಕಾರದಿಂದಲೋ ಲಾಭರಹಿತ ಕ್ಲಬ್ಬಿನಿಂದಲೋ ಬಂದ ಹಣವನ್ನು ಕಾಯ್ದೆ ಶುಲ್ಕ ಅಂತ ಎಣಿಸುವುದಿಲ್ಲ.

ಆದ್ದರಿಂದಲೇ ಹಣ ಕ್ಲಬ್ ಮತ್ತು ಒಂಟಾರಿಯೊದ ಸ್ನೋಮೊಬೈಲ್ ಕ್ಲಬ್ಬುಗಳ ಒಕ್ಕೂಟದ ಕೈ ದಾಟಿ ಹೋಗಬೇಕು. ಕ್ಲಬ್ಬು ರೈತನೊಂದಿಗೆ ಬರವಣಿಗೆಯಲ್ಲಿ ಅನುಮತಿ ಮಾಡಿಕೊಳ್ಳುತ್ತದೆ, ಒಕ್ಕೂಟದ ಹೊಣೆಗಾರಿಕೆ ವಿಮೆ ಅದರ ಬೆನ್ನಿಗಿರುತ್ತದೆ. ಆ ವಿಮೆಯ ಕಂತು ಪರ್ಮಿಟ್ ಹಣದಿಂದಲೇ. ಪರ್ಮಿಟ್ ನಿಂತರೆ ವಿಮೆ ನಿಲ್ಲುತ್ತದೆ, ವಿಮೆ ನಿಂತ ವಾರವೇ ರೈತ ದಾರಿಗೆ ಅಡ್ಡ ಬೇಲಿ ಹಾಕುತ್ತಾನೆ. ಗ್ರೂಮರ್ ಹಳೆಯದಾದರೆ ದಾರಿ ಒರಟಾಗುತ್ತದೆ, ಒಬ್ಬ ರೈತ ಒಲ್ಲೆ ಅಂದರೆ ದಾರಿ ಅಲ್ಲಿಗೇ ಮುಗಿಯಿತು.

ಧಾರವಾಡದ ಪೇಡೆ

ಈಗ ತಿಳೀತು. ಹಂಗಾದ್ರ ರೈತ ಒಲ್ಲೆ ಅನ್ನೂದು ಯಾಕ? ದುಡ್ಡಿನ ಸಂಬಂಧ ಅಲ್ಲಂದ್ರ?

ಕಾಯ್ದೆ ಕಟ್ಟಳೆ

ಹೆಚ್ಚಾಗಿ ಬೆಳೆಯ ಕಾರಣಕ್ಕೆ. ಚಳಿಗಾಲದ ಗೋಧಿ, ಆಲ್ಫಾಲ್ಫಾ ಮೇವು ಹಿಮದ ಹೊದಿಕೆ ಕೆಳಗೆ ಬದುಕಿರುತ್ತವೆ. ಸಡಿಲ ಹಿಮದಲ್ಲಿ ಗಾಳಿ ಇರುತ್ತದೆ, ಅದೇ ಬೆಚ್ಚನೆ. ಗುರುತಿನ ದಾರಿ ಬಿಟ್ಟು ಹೊಲದಲ್ಲಿ ಅಡ್ಡಾದಿಡ್ಡಿ ಓಡಿಸಿದರೆ ಹಿಮ ಒತ್ತಿ ಗಾಳಿ ಹೋಗುತ್ತದೆ, ಚಳಿ ನೇರ ಬೇರಿಗೆ ಇಳಿಯುತ್ತದೆ, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಮಂಜುಗಡ್ಡೆಯ ಪದರ ಗಿಡದ ಉಸಿರು ಕಟ್ಟಿಸುತ್ತದೆ. ಏಪ್ರಿಲ್‌ನಲ್ಲಿ ನೋಡಿದರೆ ಗಾಡಿ ಓಡಿದ ಗೆರೆಯಲ್ಲಿ ಬೆಳೆ ಸತ್ತಿರುತ್ತದೆ. ಇದನ್ನು ಮಾಡುವವರು ನೂರಕ್ಕೆ ಒಬ್ಬಿಬ್ಬರು, ಮುಚ್ಚುವುದು ಎಲ್ಲರ ದಾರಿ. ಅಕ್ಕಪಕ್ಕದ ರೈತ ಒಪ್ಪಿದರೆ ಸುತ್ತುಹಾಕಿ ಹೊಸ ದಾರಿ ಮಾಡಬೇಕು: ಮರ ಸವರುವುದು, ಹಳ್ಳಕ್ಕೆ ಕಾಲುಸೇತುವೆ, ಹೊಸ ಫಲಕ. ಅದು ಮತ್ತೆ ಪರ್ಮಿಟ್ ಹಣ.

ಥಂಡರ್ ಬೇ ತಂಗಾಳಿ

ದಕ್ಷಿಣದವರ ಲೆಕ್ಕ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ನಮ್ಮ ಉತ್ತರ ಒಂಟಾರಿಯೊದಲ್ಲಿ ಬಹುಪಾಲು ಕ್ರೌನ್ ಲ್ಯಾಂಡ್, ಅಂದರೆ ಸರ್ಕಾರಿ ಭೂಮಿ. ಜನರ ಭೂಮಿಯಲ್ಲಿ ಓಡಾಡಲು ಜನರೇ ದುಡ್ಡು ಕೊಡುವುದು ಎಷ್ಟು ಸರಿ? ಕೆರೆಯ ಮೇಲೆ ಮೀನು ಹಿಡಿಯಲು ಎರಡು ಕಿ.ಮೀ. ಹೋಗುವವನಿಗೂ, ವಾರಾಂತ್ಯದಲ್ಲಿ 400 ಕಿ.ಮೀ. ಓಡಿಸುವವನಿಗೂ ಒಂದೇ ಬೆಲೆ. ಇದನ್ನು ಒಪ್ಪುವುದು ಕಷ್ಟ.

ಕಾಯ್ದೆ ಕಟ್ಟಳೆ

ಪರ್ಮಿಟ್ ಕೇಳುವುದು ಒಕ್ಕೂಟದ ಗೊತ್ತುಪಡಿಸಿದ ಟ್ರೇಲ್ ಮೇಲೆ ಮಾತ್ರ. ಕ್ರೌನ್ ಲ್ಯಾಂಡ್‌ನ ಉಳಿದ ಕಾಡು, ಕೆರೆ, ಮರ ಸಾಗಿಸುತ್ತಿದ್ದ ಹಳೆಯ ದಾರಿಗಳಲ್ಲಿ ಪರ್ಮಿಟ್ ಇಲ್ಲದೆ ಓಡಿಸಬಹುದು. ಟ್ರೇಲ್ ಮೇಲೂ ಪೊಲೀಸ್, ತುರ್ತು ಸೇವೆ, ತಮ್ಮದೇ ಜಮೀನಿನಲ್ಲಿ ಓಡಿಸುವ ಮಾಲೀಕರು, ಟ್ರ್ಯಾಪಿಂಗ್, ಅಂದರೆ ಬೋನು ಇಟ್ಟು ಪ್ರಾಣಿ ಹಿಡಿಯುವಂಥ ಜೀವನೋಪಾಯದವರಿಗೆ ವಿನಾಯಿತಿಗಳಿವೆ. ನಿಮಗೆ ಯಾವುದು ಅನ್ವಯ ಅಂತ ಮೋಟರೈಸ್ಡ್ ಸ್ನೋ ವೆಹಿಕಲ್ಸ್ ಆಕ್ಟ್ ಕೆಳಗಿನ ನಿಯಮದಲ್ಲಿ ಓದಿ ಖಚಿತ ಮಾಡಿಕೊಂಡೇ ಹೊರಡಿ. ತಪಾಸಣೆಗೆ ನಿಲ್ಲಿಸಿದಾಗ ವಾದ ಮಾಡಿ ಫಲವಿಲ್ಲ.

ದೂರದ ಲೆಕ್ಕದ ದೂರು ಮಾತ್ರ ನ್ಯಾಯವಾದದ್ದು. ಕೆಲವೇ ದಿನ ಓಡಿಸುವವರಿಗೆ ಕಡಿಮೆ ದಿನಗಳ ಪರ್ಮಿಟ್ ಇದೆ. ದಿನಕ್ಕೆ ಬೀಳುವ ಬೆಲೆ ಅದರಲ್ಲಿ ಜಾಸ್ತಿ. 1999 ಅಥವಾ ಅದಕ್ಕೂ ಹಳೆಯ ಮಾಡೆಲ್ ಗಾಡಿಗೆ ಕಡಿಮೆ ದರದ ಪರ್ಮಿಟ್ ಇದೆ. ಹಳೆಯ ಗಾಡಿಯವರಿಗೆ ಇದು ಒಳ್ಳೆಯ ಉಳಿತಾಯ, ತುಂಬ ಜನ ಕೇಳುವುದೇ ಇಲ್ಲ.

ಥಂಡರ್ ಬೇ ತಂಗಾಳಿ

ಸರಿ. ಆದರೆ ಕೆರೆ ದಾಟುವ ದಾರಿ ಜನವರಿ ಅರ್ಧ ಕಳೆದರೂ ಟ್ರೇಲ್ ನಕ್ಷೆಯಲ್ಲಿ ಕೆಂಪಾಗೇ, ಅಂದರೆ ಮುಚ್ಚಿದ್ದಾಗೇ ಇರುತ್ತದೆ. ಮೀನು ಹಿಡಿಯುವವರು ಅಷ್ಟರಲ್ಲಿ ಗುಡಿಸಲು ಇಟ್ಟು ಕೂತಿರುತ್ತಾರೆ.

ಗ್ರೂಮರ್ ಗಂಟೆ

ಮಂಜುಗಡ್ಡೆ ಹೊರುವ ಭಾರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸ್ವಚ್ಛ ನೀಲಿ ಮಂಜುಗಡ್ಡೆಗೆ ಬಳಕೆಯಲ್ಲಿರುವ ಅಂದಾಜು: ಸೆಂಟಿಮೀಟರ್ ದಪ್ಪವನ್ನು ಅದರಿಂದಲೇ ಗುಣಿಸಿ, ಮತ್ತೆ 4ರಿಂದ ಗುಣಿಸಿದರೆ ಕೆ.ಜಿ. ಭಾರ. 8,000 ಕೆ.ಜಿ.ಯ ಗ್ರೂಮರ್‌ಗೆ ಸುಮಾರು 45 ಸೆಂ.ಮೀ. ಬೇಕು. ಬಿಳಿ ಮಂಜುಗಡ್ಡೆಯಾದರೆ ಅದರ ದಪ್ಪವನ್ನು ಅರ್ಧವೆಂದೇ ಎಣಿಸಬೇಕು. ಗಾಡಿ ಹೋದ ಕೆರೆಯಲ್ಲಿ ಗ್ರೂಮರ್ ಹೋಗುತ್ತದೆ ಅನ್ನುವ ಧೈರ್ಯ ಪ್ರಾಣಕ್ಕೆ ಕುತ್ತು. ಅದಕ್ಕೇ ಹಲವು ಕಡೆ ಕೆರೆಯ ಮೇಲೆ ಗ್ರೂಮರ್ ಇಳಿಸುವುದೇ ಇಲ್ಲ. ಐದಾರು ಜನ ಸ್ವಯಂಸೇವಕರು ಹೋಗಿ ಕೊರೆದು ದಪ್ಪ ನೋಡಿ, ಕೋಲು ನೆಟ್ಟು ದಾರಿ ಗುರುತಿಸುತ್ತಾರೆ. ಒಳಹರಿವು, ಜಲಸಂಧಿ, ಸೇತುವೆ ಕೆಳಗೆ ದಪ್ಪ ಒಂದೇ ಸಮ ಇರುವುದಿಲ್ಲ, ಅಲ್ಲೆಲ್ಲ ಹತ್ತಿರ ಹತ್ತಿರ ಕೊರೆಯಬೇಕು. ಕೆಂಪು ಇದ್ದರೆ ಹೋಗಬೇಡಿ. ಹಳದಿ ಇದ್ದರೆ ದಾರಿ ಅರೆಬರೆ ಅಂತ ತಿಳಿದು ನಿಧಾನಿಸಿ.

ಮಾಂಟ್ರಿಯಲ್ ಮಂಗಳೂರಿಗ

ಪ್ರವಾಸೋದ್ಯಮದ ಮಾತು ಯಾರೂ ಮುಂದುವರಿಸಲಿಲ್ಲ ಮಾರಾಯ್ರೆ. ಕ್ವಿಬೆಕ್‌ನಲ್ಲಿ 33,000 ಕಿ.ಮೀ. ಜಾಲ ಉಂಟು. ಅಲ್ಲಿಯೂ ಪ್ರವೇಶ ಹಕ್ಕು ಅಂತ ಕೊಳ್ಳಲೇಬೇಕು, ಹೊಣೆಗಾರಿಕೆ ವಿಮೆ ಆ ಬೆಲೆಯ ಒಳಗೇ ಸೇರಿದೆ. ಊರಿಂದ ಊರಿಗೆ ಹೋಗುವ ದಾರಿ ಹೋಟೆಲ್ಲು, ಪೆಟ್ರೋಲ್ ಬಂಕಿನ ಬಾಗಿಲಿಗೇ ಹೋಗ್ತದೆ. ಜನವರಿ, ಫೆಬ್ರವರಿಯಲ್ಲಿ ಬೇರೆ ಯಾರೂ ಬಾರದ ಊರುಗಳಿಗೆ ಇದೇ ಗಿರಾಕಿ. ಹಾಗಾದರೆ ಹೋಟೆಲಿನವರು ಕೊಡಬೇಕು ಅಲ್ವಾ?

ನನ್ನ ಪ್ರಕಾರ ಖರ್ಚನ್ನು ಎರಡಾಗಿ ಒಡೆಯಬೇಕು. ಓಡಿಸಿದಷ್ಟೂ ಏರುವ ಖರ್ಚು, ಅಂದರೆ ಗ್ರೂಮಿಂಗ್, ಡೀಸೆಲ್, ಫಲಕ, ವಿಮೆ, ಇದು ಸವಾರನದ್ದು. ಸವಾರ ಇಲ್ಲದಿದ್ದರೂ ಊರಿಗೆ ಉಳಿಯುವಂಥದ್ದು, ಅಂದರೆ ಸೇತುವೆ, ಹಳೆಯ ರೈಲು ಹಳಿ ತೆಗೆದ ದಾರಿಯ ತಳ, ಮೋರಿ, ಇದು ಊರಿನದ್ದು, ಪ್ರಾಂತ್ಯದ್ದು. ಗ್ರೂಮರ್ ಹೊರಬೇಕೆಂದರೆ ಸೇತುವೆಗೆ ಹತ್ತು ಟನ್ ತಾಳುವ ಉಕ್ಕಿನ ತೊಲೆ ಬೇಕು, ಡ್ರ್ಯಾಗ್ ತಾಗದಷ್ಟು ಅಗಲ ಬೇಕು. ಅಂಥ ಸೇತುವೆಯ ಮೇಲೆ ಬೇಸಿಗೆಯಲ್ಲಿ ಎಟಿವಿ, ಅಂದರೆ ನಾಲ್ಕು ಚಕ್ರದ ಕಾಡುದಾರಿಯ ಬೈಕು ಹೋಗ್ತದೆ, ಸೈಕಲ್ ಹೋಗ್ತದೆ, ನಡೆಯುವವರು ಹೋಗ್ತಾರೆ. ಅದನ್ನು ಫೆಬ್ರವರಿಯ ಸವಾರನೊಬ್ಬನೇ ಕಟ್ಟಿಸುವುದು ಅನ್ಯಾಯ.

ಲೆಕ್ಕಪತ್ರ

ಮಂಗಳೂರಿಗರ ವಿಭಜನೆ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಗ್ರೂಮರ್ ಖರೀದಿಯನ್ನು ಯಾವ ಪಾಲಿಗೆ ಹಾಕುತ್ತೀರಿ ಅನ್ನುವುದೇ ಮುಖ್ಯ. ಮೇಲಿನ 165 ಡಾಲರ್‌ನಲ್ಲಿ 70 ಬರೀ ಯಂತ್ರದ ಸವೆತ. ಹಿಮ ಬೀಳದ ವರ್ಷವೂ ಯಂತ್ರದ ಸಾಲದ ಕಂತು ನಿಲ್ಲುವುದಿಲ್ಲ. 2023-24ರಲ್ಲಿ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಹಿಮವೇ ಸರಿಯಾಗಿ ಬೀಳಲಿಲ್ಲ, ಎಷ್ಟೋ ಟ್ರೇಲ್ ನೆಟ್ಟಗೆ ತೆರೆಯಲಿಲ್ಲ. ಅಂಥ ವರ್ಷ ಡೀಸೆಲ್ ಉಳಿಯುತ್ತದೆ, ಕಂತು ಮತ್ತು ವಿಮೆ ಉಳಿಯುವುದಿಲ್ಲ. ನವೆಂಬರ್ 1ರ ಮೊದಲು ಅಗ್ಗಕ್ಕೆ ಮಾರುವುದು ಇದಕ್ಕೇ. ಹಿಮ ನೋಡಿ ಕೊಳ್ಳೋಣ ಅಂತ ಎಲ್ಲರೂ ಕೂತರೆ ಕ್ಲಬ್ಬಿನ ಕೈಯಲ್ಲಿ ಸೆಪ್ಟೆಂಬರ್‌ನಲ್ಲಿ ಮರ ಸವರಲು, ಯಂತ್ರ ರಿಪೇರಿ ಮಾಡಿಸಲು ದುಡ್ಡೇ ಇರುವುದಿಲ್ಲ. ಸರ್ಕಾರ ಯಂತ್ರಕ್ಕೆ ಅನುದಾನ ಕೊಟ್ಟು, ಸವಾರ ಓಡಿಸುವ ಖರ್ಚು ಕೊಟ್ಟರೆ ಕೆಟ್ಟ ಚಳಿಗಾಲದಲ್ಲಿ ಕ್ಲಬ್ ಮುಳುಗುವುದಿಲ್ಲ.

ಹೋಟೆಲಿನವರ ಮೇಲೆ ಪ್ರತ್ಯೇಕ ತೆರಿಗೆ ಹಾಕುವುದಕ್ಕೆ ನನ್ನ ವಿರೋಧವಿದೆ. ಸ್ನೋಮೊಬೈಲ್ ಗಿರಾಕಿ ಯಾರು, ಕೆಲಸದ ಮೇಲೆ ಬಂದವರು ಯಾರು ಅಂತ ಬೇರ್ಪಡಿಸುವುದು ಹೇಗೆ? ಅದಕ್ಕಿಂತ ಪಾರ್ಕಿಂಗ್ ಜಾಗದ ಹಿಮ ತೆಗೆಸುವುದು, ಊರೊಳಗಿನ ದಾರಿಯ ಫಲಕ, ಇವನ್ನು ಅವರಿಂದ ಮಾಡಿಸಿ.

ಮ್ಯಾಡಿಸನ್ ಮಲ್ಲಿಗೆ

ಸದಸ್ಯತ್ವದ ರಿಯಾಯಿತಿಯನ್ನು ಮರೆಯಬೇಡಿ. ನ್ಯೂಯಾರ್ಕ್‌ನಲ್ಲಿ ನೋಂದಣಿ ಬಹುಕಾಲ 100 ಡಾಲರ್ ಇತ್ತು, ಯಾವುದಾದರೂ ಕ್ಲಬ್ಬಿನ ಸದಸ್ಯರಾದರೆ 45. ಇಲ್ಲಿಯ ಪಾಸಿನ ಲೆಕ್ಕ ಮೇಲೆ ಹೇಳಿದೆ. ಎರಡೂ ಕಡೆ ಉದ್ದೇಶ ಒಂದೇ: ಕ್ಲಬ್ಬಿಗೆ ಜನ ಸೇರಬೇಕು. ಹಣ ಎಷ್ಟಿದ್ದರೂ ಅಕ್ಟೋಬರ್‌ನಲ್ಲಿ ಗರಗಸ ಹಿಡಿದು ಬಿದ್ದ ಮರ ತೆಗೆಯುವವರು, ರೈತರ ಮನೆಗೆ ಹೋಗಿ ಅನುಮತಿ ನವೀಕರಿಸಿ ಬರುವವರು ಬೇಕು. ಬೇಲಿ ಮುರಿದಿದೆ ಅಂತ ಫೋನ್ ಬಂದರೆ ಆ ದಿನವೇ ಹೋಗಿ ಸರಿಮಾಡುವ ಮನುಷ್ಯ ಊರಲ್ಲೇ ಇರಬೇಕು. ಸದಸ್ಯರಾದವರಲ್ಲಿ ಕೆಲಸಕ್ಕೆ ಬರುವವರು ಕೆಲವರೇ ಇರಬಹುದು. ಆದರೂ ಕ್ಲಬ್ಬಿನ ಪಟ್ಟಿಯಲ್ಲಿ ಹೆಸರಿರುವವರಿಗೆ ಕರೆ ಮಾಡಬಹುದು, ಪರ್ಮಿಟ್ಟಿನ ಸ್ಟಿಕ್ಕರ್ ಮಾತ್ರ ಕೊಂಡವರಿಗೆ ಮಾಡಲಾಗದು. ಒಂಟಾರಿಯೊ ಇದನ್ನು ಯೋಚಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ತೀರ್ಥಹಳ್ಳಿ ಟು ಟೊರೊಂಟೊ

ಅಮೆರಿಕದ ವರ್ಮಾಂಟ್ ರಾಜ್ಯದ್ದೂ ಸೇರಿಸಿಕೊಳ್ಳಿ. ಅಲ್ಲಿ ದಾರಿಯ ಸುಮಾರು ಶೇ. 80 ಖಾಸಗಿ ಜಮೀನು. ಟ್ರೇಲ್ ತೆರೆಯುವುದು ಡಿಸೆಂಬರ್ 16ಕ್ಕೆ, ಮುಚ್ಚುವುದು ಏಪ್ರಿಲ್ 15ಕ್ಕೆ. ನಡುವೆಯೂ ಹಿಮ ಸಾಕಷ್ಟಿದ್ದರೆ ಮಾತ್ರ. ನವೆಂಬರ್‌ನಲ್ಲಿ ಎರಡಡಿ ಬಿದ್ದರೂ ಇಳಿಯುವಂತಿಲ್ಲ. ದಿನ ಗೊತ್ತಿದ್ದರೆ ಜಮೀನಿನವರಿಗೂ ಬೇಟೆಗಾರರಿಗೂ ಕಿರಿಕಿರಿ ಇಲ್ಲ.

ಸಿಮ್ಕೊ ಸವಾರ

ಎಲ್ಲರಿಗೂ ಧನ್ಯವಾದ. ಪರ್ಮಿಟ್ ಕಡ್ಡಾಯ ಯಾಕೆ ಅನ್ನುವುದು ಅರ್ಥವಾಯಿತು. ಆದರೆ ನಮ್ಮ ಕ್ಲಬ್ ಅದನ್ನು ಸರಿಯಾಗಿ ಖರ್ಚು ಮಾಡುತ್ತಿದೆಯೇ ಅಂತ ತಿಳಿಯುವುದು ಹೇಗೆ? ವಾರ್ಷಿಕ ಸಭೆಯಲ್ಲಿ ಏನು ಕೇಳಬೇಕು?

ಗ್ರೂಮರ್ ಗಂಟೆ

ಮೊದಲು ಗ್ರೂಮರ್ ಲಾಗ್ ಕೇಳಿ: ಒಟ್ಟು ಗಂಟೆ, ಒಟ್ಟು ಕಿ.ಮೀ., ಡೀಸೆಲ್ ಲೀಟರ್. ಕಿ.ಮೀ. ಅನ್ನು ಗಂಟೆಯಿಂದ ಭಾಗಿಸಿ. 13, 14 ಬಂದರೆ ಓಡಿಸಿಕೊಂಡು ಹೋಗಿದ್ದಾರೆ, ಉಬ್ಬು ಕತ್ತರಿಸಿಲ್ಲ. 6ಕ್ಕಿಂತ ಕಡಿಮೆ ಬಂದರೆ ಯಂತ್ರ ಕೆಟ್ಟು ನಿಂತಿದೆ, ಇಲ್ಲವೇ ಶೆಡ್ಡು ಟ್ರೇಲ್‌ನಿಂದ ದೂರವಿದ್ದು ಬರೀ ಓಡಾಟದಲ್ಲೇ ಗಂಟೆ ಹೋಗುತ್ತಿದೆ. ಎರಡನೆಯದಾದರೆ ಶೆಡ್ ಜಾಗ ಬದಲಿಸುವುದೋ ಪಕ್ಕದ ಕ್ಲಬ್ಬಿನೊಂದಿಗೆ ದಾರಿ ಹಂಚಿಕೊಳ್ಳುವುದೋ ಪರಿಹಾರ.

ಆಮೇಲೆ ಹೊರಟ ಸಮಯ ಮತ್ತು ಆಗಿನ ಉಷ್ಣಾಂಶ ಬರೆದಿದ್ದಾರೆಯೇ ನೋಡಿ. ಹಾಗೆಯೇ ಯಂತ್ರ ಬದಲಿಸಲು ಪ್ರತ್ಯೇಕ ನಿಧಿ ಇದೆಯೇ, ವರ್ಷಕ್ಕೆ ಎಷ್ಟು ಹಾಕುತ್ತಾರೆ ಅಂತ ಕೇಳಿ. ನಿಧಿ ಸೊನ್ನೆ ಇದ್ದು ಯಂತ್ರ 7,000 ಗಂಟೆ ದಾಟಿದ್ದರೆ ಮುಂದಿನ ಪಟ್ಟಿ ಹರಿದ ದಿನ ದಾರಿ ನಿಲ್ಲುತ್ತದೆ. ಕೊನೆಯದಾಗಿ, ಎಷ್ಟು ಜಮೀನುಗಳ ಅನುಮತಿ ಈ ವರ್ಷ ನವೀಕರಣವಾಗಬೇಕು, ಯಾರು ಹೋಗುತ್ತಾರೆ?

ಧಾರವಾಡದ ಪೇಡೆ

ಸಿಮ್ಕೊ ಸಾಹೇಬ್ರ, ಆ ಕಡೀ ಪ್ರಶ್ನೆ ಕೇಳಿದ ಕೂಡ್ಲೆ ಕೈ ಎತ್ತಿ ನಾನೂ ಬರ್ತೀನಿ ಅನ್ರಿ. ಸುಗ್ಗಿ ಮುಗಿದ ಮ್ಯಾಲ, ಹಿಮ ಬೀಳೂಕಿಂತ ಮುಂಚೆ ಹೋಗ್ರಿ, ಹೊಲದ ನಕ್ಷಾ ಕೈಯಾಗ ಇರ್ಲಿ. ಎಲ್ಲಿ ಗೋಧಿ ಬಿತ್ಯಾರ ಅಂತ ಅವರಿಂದನ ಕೇಳಿ ಗುರುತು ಹಾಕ್ಕೊಂಡು, ಆ ತುಂಡು ಬಿಟ್ಟು ಬದುವಿನ ಗುಂಟ ಕೋಲು ನೆಡೂಣು ಅಂತ ಮೊದಲ ನೀವ ಹೇಳ್ರಿ.